ಅಜ್ಜಿಯರನ್ನು ಹಿಡಿದ ಮೇಲೆ ಮಕ್ಕಳ ತೂಕ ಏರಿತು

ಅಂಗನವಾಡಿ ಕಾರ್ಯಕರ್ತೆಯರ ವಲಯದ ತಿಂಗಳ ಸಭೆಯಲ್ಲಿ, ಮಕ್ಕಳ ತೂಕ ಏರಬೇಕಾದರೆ ಅಜ್ಜಿಯರನ್ನು ಹಿಡಿಯಬೇಕು ಅಂತ ನಾನು ಮಾತು ಎತ್ತಿದಾಗ ಪಕ್ಕದ ಕೇಂದ್ರದ ಅಕ್ಕ ಜೋರಾಗಿ ನಕ್ಕಿದ್ದರು. "ತಾಯಂದಿರೇ ನಮ್ಮ ಮಾತು ಕೇಳಲ್ಲ, ಇನ್ನು ಅಜ್ಜಿಯರು ಕೇಳ್ತಾರಾ?" ಮೇಲ್ವಿಚಾರಕಿ ಮೇಡಂ ನಗಲಿಲ್ಲ, ಆದರೆ ಬರೆದುಕೊಳ್ಳಲೂ ಇಲ್ಲ. ಈಗ ಅದೇ ಮೇಡಂ ಬೇರೆ ಊರಿನವರನ್ನು ನಮ್ಮೂರ ಗುಡಿಯ ಕಟ್ಟೆಗೆ ಕರೆತರುತ್ತಾರೆ. ಬಂದವರೆಲ್ಲ ಅಜ್ಜಿಯರನ್ನು ಹೇಗೆ ಒಪ್ಪಿಸಿದಿರಿ ಅಂತ ಅದೇ ಪ್ರಶ್ನೆ ಕೇಳುತ್ತಾರೆ, ಹೇಳಿ ಹೇಳಿ ಸಾಕಾಗಿ ಬರೆಯಲು ಕೂತೆ.

ನಮ್ಮದು ರಾಯಚೂರು ಜಿಲ್ಲೆಯ ಹತ್ತಿ ಬೆಳೆಯುವ ಊರು. ಹತ್ತಿ ಬಿಡಿಸುವ ಕಾಲದಲ್ಲಿ ಹೆಂಗಸರು ಬೆಳಿಗ್ಗೆ ಏಳಕ್ಕೆ ಹೊಲಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಕೂಲಿ ಕೆ.ಜಿ. ಲೆಕ್ಕದಲ್ಲಿ, ಹಾಗಾಗಿ ಅರ್ಧ ತಾಸು ಮೊದಲೇ ಬಾ ಎಂದರೂ ಅವರಿಗೆ ನಷ್ಟ. ಮೂರು ವರ್ಷ ದಾಟಿದ ಮಕ್ಕಳು ಕೇಂದ್ರಕ್ಕೆ ಬರುತ್ತವೆ, ಹಾಲು, ಮೊಟ್ಟೆ, ಊಟ ನಮ್ಮ ಕಣ್ಣೆದುರೇ ಆಗುತ್ತದೆ. ತೂಕ ಬೀಳುವುದು ಮನೆಯಲ್ಲಿ ಉಳಿಯುವ ಒಂದರಿಂದ ಮೂರು ವರ್ಷದವಕ್ಕೆ. ನಮ್ಮ ತೂಕದ ಪಟ್ಟಿಯಲ್ಲಿ ಹಸಿರು ಅಂದರೆ ಸರಿಯಾದ ತೂಕ, ಹಳದಿ ಅಂದರೆ ಕಡಿಮೆ, ಕಿತ್ತಳೆ ಅಂದರೆ ತೀರಾ ಕಡಿಮೆ. ಎರಡು ವರ್ಷದ ಹಿಂದೆ ನನ್ನ ಪಟ್ಟಿಯಲ್ಲಿ ಹಳದಿಯಲ್ಲಿ ಹದಿನಾಲ್ಕು, ಕಿತ್ತಳೆಯಲ್ಲಿ ಮೂರು ಮಕ್ಕಳಿದ್ದವು.

ಇದ್ದವು ಅಂದೆ. ಅದಕ್ಕೂ ಮೊದಲಿನದು ಸರಿಯಾದ ಲೆಕ್ಕವಲ್ಲ. ಹಿಂದಿನ ತಿಂಗಳ ತೂಕಕ್ಕೆ ನೂರಿನ್ನೂರು ಗ್ರಾಂ ಸೇರಿಸಿ ಬರೆದು ಕೈತೊಳೆದುಕೊಳ್ಳುವುದು ನಮಗ್ಯಾರಿಗೂ ಹೊಸದಲ್ಲ. ನಾನೂ ಮಾಡಿದ್ದೇನೆ. ಆ ತಿಂಗಳು ಹಟ ಹಿಡಿದು ಉಡದಾರ, ಕಾಲ್ಗಡಗ ಬಿಚ್ಚಿಸಿ ತೂಗಿದೆ. ಒಂದು ಮಗುವಿನ ಬೆಳ್ಳಿಯೇ ನೂರೈವತ್ತು ಗ್ರಾಂ! ಹಸಿರಲ್ಲಿದ್ದ ಇಬ್ಬರು ಹಳದಿಗೆ ಬಿದ್ದರು, ಹಳದಿ ಹದಿನಾಲ್ಕಾದದ್ದು ಆಗಲೇ. ತೂಕ ದಾಖಲಿಸುವ ಸರ್ಕಾರಿ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಸಂಖ್ಯೆ ಜಾಸ್ತಿಯಾಗಿದ್ದಕ್ಕೆ ನನಗೆ ಬೈಗುಳ ಬೇರೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ತಾಯಂದಿರ ಸಭೆ ಕರೆದರೆ ಬಂದದ್ದು ನಾಲ್ವರು, ಅದರಲ್ಲಿ ಇಬ್ಬರು ಬಸುರಿಯರು. 2017ರಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ಶುರುವಾದಾಗಲೇ ನನಗೆ ಇದು ಹೊಳೆಯಬೇಕಿತ್ತು. ಹೊಲದಲ್ಲಿರುವವಳು ಮಧ್ಯಾಹ್ನ ಬಿಸಿಯೂಟಕ್ಕೆ ಊರೊಳಗೆ ಬರುತ್ತಾಳಾ? ಅಂಗನವಾಡಿಯಿಂದ ಮನೆಗೆ ಕೊಡುವ ಪುಷ್ಟಿ ಪುಡಿಯಲ್ಲಿ ಪಾಯಸ, ಉಂಡೆ ಮಾಡಿ ತೋರಿಸಿದೆ. ಎಲ್ಲರೂ ತಿಂದರು, ಚೆನ್ನಾಗಿದೆ ಅಂದರು, ಪಾಕೀಟು ಮನೆಗೆ ಒಯ್ದು ಎಮ್ಮೆಗೆ ಹಾಕಿದರು. ಕಿತ್ತಳೆಯ ಮೂವರನ್ನು ಅಪೌಷ್ಟಿಕ ಮಕ್ಕಳ ಆರೈಕೆ ಕೇಂದ್ರವಾದ ಎನ್‌ಆರ್‌ಸಿಗೆ ಕಳಿಸಲು ಓಡಾಡಿದೆ, ಆಟೋಗೇ ಸಾವಿರದ ನೂರೋ ಇನ್ನೂರೋ ಹೋಯಿತು. ಒಬ್ಬ ತಾಯಿ ಮಾತ್ರ ಮಗುವಿನ ಜೊತೆ ಹದಿನಾಲ್ಕು ದಿನ ಇದ್ದಳು. ಇನ್ನೊಬ್ಬಳು ಮೂರನೇ ದಿನಕ್ಕೇ ಎದ್ದು ಬಂದಳು. ಮನೆಯಲ್ಲಿ ಇನ್ನೆರಡು ಮಕ್ಕಳಿವೆ, ಹತ್ತಿ ಬಿಡಿಸೋ ಕಾಲ, ಅವಳನ್ನು ಏನಂತ ಬೈಯಲಿ?

ಒಂದು ಮಧ್ಯಾಹ್ನ ಮನೆ ಭೇಟಿಗೆ ಹೋಗಿದ್ದೆ. ಎರಡು ವರ್ಷ ಒಂದು ತಿಂಗಳ ಹುಡುಗಿ, ತೂಕ 7.9 ಕೆ.ಜಿ. ಅಜ್ಜಿ ಒಂದೇ ತಟ್ಟೆಯಲ್ಲಿ ಮೂರು ಮೊಮ್ಮಕ್ಕಳನ್ನು ಕೂರಿಸಿ ನುಚ್ಚು, ಸಾರು ಬಡಿಸಿದ್ದಳು. ದೊಡ್ಡವರಿಬ್ಬರು ಗಬಗಬನೆ ಮುಗಿಸಿದರು. ಈ ಹುಡುಗಿ ನಾಲ್ಕು ತುತ್ತು ತಿಂದು ಬೆರಳು ಚೀಪುತ್ತಾ ಕೂತಿತ್ತು. "ಇವಳು ಎಷ್ಟು ಉಂಡಳಮ್ಮಾ?" ಅಂದೆ. "ಎಲ್ಲಾ ಖಾಲಿ ಆತಲ್ರೀ ಅಕ್ಕೋರೆ" ಅಂದಳು. ಸುಳ್ಳಲ್ಲ, ತಟ್ಟೆ ಖಾಲಿಯಾಗಿತ್ತು. ಯಾರ ಹೊಟ್ಟೆಗೆ ಹೋಯಿತು ಅನ್ನುವುದನ್ನು ಯಾರೂ ನೋಡಿರಲಿಲ್ಲ.

ಮರುದಿನವೇ ಸಂತೆಯಲ್ಲಿ ಹದಿನೇಳು ಸ್ಟೀಲ್ ಬಟ್ಟಲು ತಂದೆ, ಒಂದಕ್ಕೆ ನಲವತ್ತೈದರಂತೆ. ಏಳುನೂರ ಐವತ್ತಕ್ಕಿಂತ ಸ್ವಲ್ಪ ಮೇಲಾಯಿತು. ನಮ್ಮ ಗೌರವಧನದಲ್ಲಿ ಅದೇನು ಸಣ್ಣ ಮೊತ್ತವಲ್ಲ. ಮೇಲಾಗಿ ಆಗ ಮೊಟ್ಟೆಗೂ ಕೈಯಿಂದ ಹಾಕುತ್ತಿದ್ದೆವು, ಅಂಗಡಿಯ ದರ ಒಂದು, ಬರುವ ದುಡ್ಡು ಇನ್ನೊಂದು. ಮನೆಯವರು "ಊರ ಮಕ್ಕಳಿಗೆ ಬಟ್ಟಲು ಕೊಡಿಸು, ನಿನ್ನ ಮಗನಿಗೆ ಚಪ್ಪಲಿ ಇಲ್ಲ" ಅಂದರು. ಅವರು ಹೇಳಿದ್ದೂ ನಿಜವೇ.

ಬಟ್ಟಲಿನ ಮೇಲೆ ಮಗುವಿನ ಹೆಸರು ಹೊಡೆಸಿದೆ. ಇದು ಬಹಳ ಮುಖ್ಯ. ಹೆಸರಿಲ್ಲದ ಬಟ್ಟಲು ಮನೆಯ ಬಟ್ಟಲಾಗಿಬಿಡುತ್ತದೆ. ಹೆಸರಿದ್ದರೆ ಅಜ್ಜಿಯೇ "ಅದು ಕೂಸಿಂದು, ಮುಟ್ಟಬ್ಯಾಡ" ಅಂತ ದೊಡ್ಡವರಿಗೆ ಗದರುತ್ತಾಳೆ.

ಸಭೆಯನ್ನು ಕೇಂದ್ರದಲ್ಲಿ ಕರೆಯಲೇ ಇಲ್ಲ. ಸಂಜೆ ನಾಲ್ಕಕ್ಕೆ ಅಜ್ಜಿಯರು ಹೇಗೂ ಹನುಮಪ್ಪನ ಗುಡಿಯ ಕಟ್ಟೆಯಲ್ಲಿ ಇರುತ್ತಾರೆ, ನಾನೇ ಅಲ್ಲಿಗೆ ಹೋದೆ. ಚಾರ್ಟ್ ಒಯ್ಯಲಿಲ್ಲ. ದಿನಕ್ಕೆ ನಾಲ್ಕೈದು ಸಲ ಉಣಿಸಬೇಕು, ಊಟಕ್ಕೊಂದು ಚಮಚ ಎಣ್ಣೆ, ಮೇಲೆ ಶೇಂಗಾ ಪುಡಿ, ಇಷ್ಟೇ ಹೇಳಿದ್ದು. ಶೇಂಗಾ ಪುಡಿಯೇ ಆಗಬೇಕು, ನುಣ್ಣಗೆ. ಕಾಳು ಕೊಟ್ಟರೆ ಗಂಟಲಿಗೆ ಸಿಕ್ಕೀತು. ನನ್ನ ಪುಡಿಗೆ ಬೆಲ್ಲದ ಜೊತೆ ಇನ್ನೊಂದು ಪದಾರ್ಥ ಬೀಳುತ್ತದೆ, ಮಕ್ಕಳು ಡಬ್ಬಿ ಹಿಡಿದು ಅಳುವುದು ಅದಕ್ಕೇ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮೂರಿಗೆ ಬಂದರೆ ರುಚಿ ತೋರಿಸುತ್ತೇನೆ.

ಎಣ್ಣೆಗೆ ಒಪ್ಪಿಸಲು ಎರಡು ತಿಂಗಳು ಬೇಕಾಯಿತು. ಕೆಮ್ಮು ಬರುತ್ತದೆ, ಭೇದಿ ಆಗುತ್ತದೆ ಅಂತ ಒಂದೇ ಹಾಡು. ವಾದ ಮಾಡುವುದನ್ನು ಬಿಟ್ಟೆ. ಅವರಲ್ಲೇ ಒಬ್ಬ ಅಜ್ಜಿಯ ಮೊಮ್ಮಗ ಗುಂಡುಗುಂಡಾಗಿದ್ದ, ಮನೆಯೇನೂ ಸ್ಥಿತಿವಂತರದಲ್ಲ. "ನೀವು ಏನು ಉಣಿಸ್ತೀರಮ್ಮಾ?" ಅಂತ ಎಲ್ಲರೆದುರು ಕೇಳಿದೆ. ರೊಟ್ಟಿ ಮುರಿದು ಸಾರಲ್ಲಿ ನೆನೆಸಿ, ಮೇಲೆ ಕುಸುಬಿ ಎಣ್ಣೆ ಬಿಡುತ್ತಿದ್ದಳಂತೆ. ಆಮೇಲೆ ನನಗೆ ಕೆಲಸ ಇರಲಿಲ್ಲ, ಎಲ್ಲ ಆಕೆಯೇ ಹೇಳಿದಳು.

ಅಂಗಡಿಯ ಐದು ರೂಪಾಯಿ ಪಾಕೀಟು ಇನ್ನೊಂದು ತಲೆನೋವು. ಮಗು ಅತ್ತರೆ ಒಂದು ಪಾಕೀಟು, ಊಟದ ಹೊತ್ತಿಗೆ ಹಸಿವೇ ಇಲ್ಲ. ಬೇಡ ಎನ್ನಲಿಲ್ಲ, ಖಾಲಿ ಪಾಕೀಟುಗಳನ್ನು ಒಂದು ಚೀಲದಲ್ಲಿ ಕೂಡಿಡಿ ಅಂದೆ. ಹದಿನೈದು ದಿನಕ್ಕೆ ಕಟ್ಟೆಯ ಮೇಲೆ ಸುರುವಿದೆವು. ಒಬ್ಬಳ ಚೀಲದಲ್ಲಿ ಇಪ್ಪತ್ತಾರು! ನೂರ ಮೂವತ್ತು ರೂಪಾಯಿ, ಹತ್ತಿರ ಹತ್ತಿರ ಒಂದು ಕೆ.ಜಿ. ಶೇಂಗಾದ ದುಡ್ಡು. ಆ ಮುದುಕಿ ಹಣೆ ಚಚ್ಚಿಕೊಂಡಳು. ಅಂಗಡಿಯವನು ಮೂರು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ.

ನಡುವೆ ಬೇರೆ ಸಾಹಸಗಳೂ ನಡೆದವು. ನುಗ್ಗೆಸೊಪ್ಪಿನ ಪುಡಿ ಮಾಡಿದೆ, ಕಹಿ ಅಂತ ಮಕ್ಕಳು ಉಗುಳಿದವು. ಕೇಂದ್ರದ ಹಿಂದೆ ಆರು ನುಗ್ಗೆ ಗಿಡ ನೆಟ್ಟೆ, ಐದು ಮೇಕೆ ಪಾಲು. ಗೆದ್ದದ್ದು ಮೊಳಕೆ ಗೋಧಿ ಹಿಟ್ಟು. ಒಂದು ರಾತ್ರಿ ನೆನೆಸಿ, ಎರಡು ದಿನ ಬಟ್ಟೆಯಲ್ಲಿ ಕಟ್ಟಿ ಮೊಳಕೆ ತರಿಸಿ, ಒಣಗಿಸಿ ಬೀಸಿದ ಹಿಟ್ಟು. ಅಜ್ಜಿಯರು ಗಂಜಿಯನ್ನು ನೀರು ಮಾಡುತ್ತಿದ್ದರು, ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತಿತ್ತು. ಗಟ್ಟಿ ಗಂಜಿಗೆ ಈ ಹಿಟ್ಟು ಒಂದು ಚಮಚ ಕಲಸಿದರೆ ನೀರು ಹಾಕದೆಯೇ ತೆಳುವಾಗುತ್ತದೆ.

ಮೊದಲ ಸಲ ಕಟ್ಟೆಯ ಮೇಲೆ ತೋರಿಸಲು ಹೋಗಿ ಮರ್ಯಾದೆ ಹೋಯಿತು. ಕುದಿಯುವ ಗಂಜಿಗೆ ಹಾಕಿಬಿಟ್ಟೆ, ಅದು ಹಾಗೇ ಮುದ್ದೆಯಾಗಿ ಕೂತಿತು. ಅಜ್ಜಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬೆರಳು ಅದ್ದುವಷ್ಟು ಆರಿದ ಮೇಲೆ ಹಾಕಬೇಕು, ಹತ್ತು ನಿಮಿಷ ಬಿಡಬೇಕು, ಆಮೇಲೆ ಇನ್ನೊಂದು ಕುದಿ. ಮುಂದಿನ ವಾರ ಹಾಗೆ ಮಾಡಿದೆ. ಚಮಚ ನೆಟ್ಟರೆ ನಿಲ್ಲುತ್ತಿದ್ದ ಗಂಜಿ ಕಣ್ಣೆದುರೇ ಸಡಿಲವಾಗಿ ಬಟ್ಟಲಿನಲ್ಲಿ ಹರಿಯಿತು. "ಏನ್ ಮಾಟ ಮಾಡಿದ್ರೀ ಅಕ್ಕೋರೆ?" ಅಂದಳು ಒಬ್ಬಳು. ಆವತ್ತಿನಿಂದ ನನ್ನ ಮಾತಿಗೆ ತೂಕ ಬಂತು.

ಆ 7.9ರ ಹುಡುಗಿ ಮೊದಲ ತಿಂಗಳು ಇನ್ನೂರು ಗ್ರಾಂ ಏರಿದಳು. ಎರಡನೇ ತಿಂಗಳು ಜ್ವರ ಬಂದು ಅಷ್ಟೂ ಇಳಿಯಿತು. ಅಜ್ಜಿ ಎರಡು ದಿನ ಲಂಘನ ಹಾಕಿದ್ದಳು, ದೃಷ್ಟಿ ಅಂತ ತಾಯತವೂ ಕಟ್ಟಿದ್ದಳು. ತಾಯತದ ತಂಟೆಗೆ ಹೋಗಲಿಲ್ಲ, ಆರೋಗ್ಯ ಕೇಂದ್ರಕ್ಕೆ ತೋರಿಸಿ, ಜ್ವರ ಬಿಟ್ಟ ಮೇಲೆ ಎರಡು ವಾರ ದಿನಕ್ಕೊಂದು ಬಟ್ಟಲು ಹೆಚ್ಚಿಗೆ ಹಾಕಿಸಿದೆ. ಐದನೇ ತಿಂಗಳಿಗೆ 9.6. ತೋಳಿನ ಸುತ್ತಳತೆ ನೋಡುವ ಪಟ್ಟಿ ಹಸಿರು ತೋರಿಸಿತು.

ಏಳೆಂಟು ತಿಂಗಳಿಗೆ ಹಳದಿಯಲ್ಲಿ ಐದೋ ಆರೋ ಉಳಿದವು, ಕಿತ್ತಳೆಯಲ್ಲಿ ಒಂದು. ಆ ಮಗುವಿಗೆ ಹೃದಯದ ತೊಂದರೆ ಅಂತ ಆಮೇಲೆ ಗೊತ್ತಾಯಿತು, ಅದು ಬಟ್ಟಲಿನಿಂದ ಆಗುವ ಕೆಲಸವಲ್ಲ. ಒಟ್ಟು ಖರ್ಚು ಎರಡೂವರೆ ಸಾವಿರದ ಒಳಗೆ. ನಮ್ಮ ಅಂಗನವಾಡಿಯ ಬಾಲ ವಿಕಾಸ ಸಮಿತಿಯಿಂದ ಎಂಟುನೂರು ವಾಪಸ್ ಬಂತು, ಉಳಿದದ್ದು ನನ್ನ ಕೈಯದೇ.

ನಕ್ಕಿದ್ದ ಅಕ್ಕ ಹೋದ ತಿಂಗಳು ಫೋನ್ ಮಾಡಿ, ಬಟ್ಟಲಿಗೆ ಹೆಸರು ಹೊಡೆಯಲು ಎಷ್ಟು ತಗೊಳ್ತಾರೆ ಅಂತ ಕೇಳಿದರು. ಹೇಳಿದೆ. ಪುಡಿಯ ವಿಷಯ ಕೇಳಿದರು, ಹೇಳಲಿಲ್ಲ. ಬೆಂಗಳೂರಿಗೆ ಗುಳೆ ಹೋದವರು ಯುಗಾದಿಗೆ ಬರುತ್ತಾರೆ. ಆ ಮಕ್ಕಳು ಪ್ರತಿ ವರ್ಷ ಇಳಿದೇ ಬರುತ್ತವೆ. ಆರು ಬಟ್ಟಲು ತಂದಿಟ್ಟಿದ್ದೇನೆ, ಹೆಸರು ಇನ್ನೂ ಹೊಡೆಸಿಲ್ಲ.