ಅರೂಬಾಕ್ಕೆ ಹೊರಟವರಿಗೆ: ಬಿಸಿಲು, ಗಾಳಿ, ವೀಸಾ

ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪಕ್ಕೆ ಅಮೆರಿಕದಿಂದ ಹೊರಟವರು ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಸ್ಟಾಂಪ್ ಮುಗಿದಿದ್ದರೆ, ಐ-797 ಎಂಬ ಮಂಜೂರಾತಿ ಪತ್ರ ಒಂದನ್ನೇ ನಂಬಿ ಹೋಗಬೇಡಿ, ವಾಪಸ್ ವಿಮಾನ ಹತ್ತೋಕೆ ಆಗಲ್ಲ. ವಾಪಸ್ ಬರುವಾಗ ಅಮೆರಿಕದ ಇಮಿಗ್ರೇಷನ್ ತಪಾಸಣೆ ಅರೂಬಾ ವಿಮಾನ ನಿಲ್ದಾಣದಲ್ಲೇ ನಡೆಯುತ್ತದೆ. ಕ್ಯೂ ಉದ್ದ, ಹಾಗಾಗಿ 3 ಗಂಟೆ ಮುಂಚೆ ಹೋಗಿ. ಅರೂಬಾಕ್ಕೆ ಹೋಗುವ ಮೊದಲು ಆನ್‌ಲೈನ್‌ನಲ್ಲಿ ಇಡಿ ಕಾರ್ಡ್ (ಅಲ್ಲಿನ ಪ್ರವೇಶದ ಅರ್ಜಿ) ತುಂಬಬೇಕು.

ಮಳೆ ವರ್ಷಕ್ಕೆ ಸುಮಾರು 500 ಮಿ.ಮೀ. ಅಷ್ಟೆ, ಚಂಡಮಾರುತದ ಮುಖ್ಯ ಹಾದಿಯಿಂದಲೂ ಹೊರಗೆ. ಮೋಸ ಮಾಡುವುದು ಗಾಳಿ. ಪೂರ್ವದಿಂದ ಸದಾ ಬೀಸುತ್ತಿರುತ್ತದೆ, ಅದಕ್ಕೇ ಡಿವಿಡಿವಿ ಮರಗಳೆಲ್ಲ ಒಂದೇ ಕಡೆ ಬಾಗಿವೆ. ಬೆವರು ತಕ್ಷಣ ಆರುವುದರಿಂದ ಸೆಕೆ ಅನಿಸಲ್ಲ, ಆದರೆ ಮಧ್ಯಾಹ್ನದೊಳಗೆ ಬೆನ್ನು ಸುಟ್ಟಿರುತ್ತದೆ. ಸನ್‌ಸ್ಕ್ರೀನ್ 2 ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ ಮತ್ತೆ. ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನಿಗೆ ಅಲ್ಲಿ 2020ರಿಂದ ನಿಷೇಧವಿದೆ, ಜಿಂಕ್ ಆಕ್ಸೈಡಿನದು ಒಯ್ಯಿರಿ. ಟೋಪಿಗೆ ದಾರ ಇರಲಿ, ಇಲ್ಲದಿದ್ದರೆ ಅದು ಸಮುದ್ರದ ಪಾಲು!

ಈಜು ಪಶ್ಚಿಮ ದಡದಲ್ಲಿ: ಈಗಲ್ ಬೀಚ್, ಪಾಮ್ ಬೀಚ್. ಮಕ್ಕಳಿದ್ದರೆ ಆಗ್ನೇಯ ತುದಿಯ ಬೇಬಿ ಬೀಚ್, ಅಲ್ಲಿ ನೀರು ಆಳವಿಲ್ಲ. ಉತ್ತರ ದಡ ಫೋಟೋಗಷ್ಟೇ, ನೀರಿಗಿಳಿಯಬೇಡಿ. ಅರಿಕೊಕ್ ಉದ್ಯಾನದ ಕಲ್ಲುದಾರಿಗೆ ಫೋರ್‌ವೀಲ್ ಗಾಡಿಯೇ ಬೇಕು. ಬಾಡಿಗೆ ಸಣ್ಣ ಕಾರಿನ ಟೈರ್ ಹೋದರೆ ವಿಮೆ ಕೊಡದಿರಬಹುದು, ಕರಾರು ಓದಿ.

ನಲ್ಲಿ ನೀರು ಸಮುದ್ರದ್ದೇ, ಉಪ್ಪು ತೆಗೆದದ್ದು, ಧೈರ್ಯವಾಗಿ ಕುಡಿಯಿರಿ. ಬಾಟಲಿಗೆ ದುಡ್ಡು ಸುರಿಯುವುದು ದಂಡ. ಡಾಲರ್ ನಡೆಯುತ್ತದೆ, ಚಿಲ್ಲರೆ ಮಾತ್ರ ಅಲ್ಲಿನ ಹಣ ಫ್ಲೋರಿನ್‌ನಲ್ಲಿ ಬರಬಹುದು. ಅದನ್ನು ಅಲ್ಲೇ ಖರ್ಚು ಮಾಡಿ, ಚೌಕಾಕಾರದ 50 ಸೆಂಟ್ ನಾಣ್ಯ ಒಂದನ್ನು ಬೇಕಾದರೆ ಮಕ್ಕಳಿಗೆ ಇಟ್ಟುಕೊಳ್ಳಿ.