ನೂರು ರೂಪಾಯಿ ಮಾಡ್ಯೂಲ್ ಎರಡು, ತಂಬೂರಿ ಒಂದು

ಈ ಸಲದ ರಾಮನವಮಿಗೆ ನಮ್ಮ ಭಜನೆ ಮನೆಯಲ್ಲಿ ಮೂರೂವರೆ ಗಂಟೆ ಕಡಿಯದೆ ಶ್ರುತಿ ಹಿಡಿದ ಪೆಟ್ಟಿಗೆ ನಾನು ಮಾಡಿದ್ದು. ಒಳಗಿರುವುದು ಎರಡು ಡಿಎಫ್‌ಪ್ಲೇಯರ್ ಮಿನಿ (ಮೆಮೊರಿ ಕಾರ್ಡಿನಲ್ಲಿರುವ ಸದ್ದು ನುಡಿಸುವ ಪುಟ್ಟ ಮಾಡ್ಯೂಲ್), ಅವಕ್ಕೆ ಕಮಾಂಡ್ ಕೊಡುವ ಒಂದು ಆರ್ಡುಯಿನೋ ನ್ಯಾನೋ, ಸದ್ದು ಏರಿಸುವ ಒಂದು ಪ್ಯಾಮ್ 8403 ಆಂಪ್ಲಿಫೈಯರ್ ಬೋರ್ಡು, ನಾಲ್ಕಿಂಚಿನ ಸ್ಪೀಕರ್. ಅಷ್ಟೆ. "ಆಟದ ಸಾಮಾನಿಗೆ ಹಾಕೋ ಮಾಡ್ಯೂಲಲ್ಲಿ ತಂಬೂರಿ ನುಡಿಸ್ತೀಯೇನಣ್ಣ?" ಅಂತ ನಕ್ಕವರು ಮಂಡ್ಯದಲ್ಲಿ ಇನ್ನೂ ಇದ್ದಾರೆ. ಅವರೂ ಓದಲಿ ಅಂತಲೇ ಬರೆಯುತ್ತಿದ್ದೇನೆ.

ನನ್ನದು ಟಿ.ವಿ. ರಿಪೇರಿ ಅಂಗಡಿ. ಟಿ.ವಿ. ತೆಳ್ಳಗಾದ ಮೇಲೆ ರಿಪೇರಿಯೂ ತೆಳ್ಳಗಾಯಿತು, ಕೈಗೆ ಪುರುಸೊತ್ತು ಬಂತು. ಮೊದಲು ಹೊರಟಿದ್ದು ತಂಬೂರಿಗಲ್ಲ, ತಮಟೆಗೆ. ಪೂಜಾ ಕುಣಿತದ ಹುಡುಗರ ತಮಟೆ ಪೆಟ್ಟುಗಳನ್ನು ರೆಕಾರ್ಡ್ ಮಾಡಿಕೊಂಡು, ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಪ್ಯಾಡ್ ಮಾಡಿ, ಕೆಳಗೆ ಪೆಟ್ಟು ಬಿದ್ದದ್ದನ್ನು ಕರೆಂಟಾಗಿ ತಿಳಿಸುವ ಪೀಜೋ ಬಿಲ್ಲೆ ಅಂಟಿಸಿ, ಬಡಿದರೆ ಮಾಡ್ಯೂಲಿನಿಂದ ಸದ್ದು ಬರುವ ಹಾಗೆ ಮಾಡಿದೆ. ಸದ್ದೇನೋ ಬಂತು. ಆದರೆ ಮಿಂಚು ಮೊದಲು, ಗುಡುಗು ಆಮೇಲೆ. ಹತ್ತು ಬೈಟ್ ಕಮಾಂಡ್ ಕಳಿಸುವುದಕ್ಕೇ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಹತ್ತು ಮಿಲಿಸೆಕೆಂಡ್ ಬೇಕು. ಮಾಡ್ಯೂಲು ಕಾರ್ಡ್ ತಡಕಿ, ಫೈಲ್ ಹುಡುಕಿ, ಬಿಚ್ಚಿ ನುಡಿಸುವಷ್ಟರಲ್ಲಿ ಒಂದು ಸಲ ನೂರು ಮಿಲಿಸೆಕೆಂಡ್, ಇನ್ನೊಂದು ಸಲ ಇನ್ನೂರು. ಪ್ರತಿಸಲ ಅಷ್ಟೇ ತಡವಾಗಿದ್ದರೆ ಕೈಯನ್ನಾದರೂ ಒಗ್ಗಿಸಬಹುದಿತ್ತು, ಅದೂ ಇಲ್ಲ. ನಾಲ್ಕು ಪ್ಯಾಡಿಗೆ ನಾಲ್ಕು ಮಾಡ್ಯೂಲ್, ಎಲ್ಲ ಸೇರಿ ಸುಮಾರು ಎಂಟುನೂರು ರೂಪಾಯಿ ಹೋಯಿತು. ಪ್ಯಾಡುಗಳು ಈಗ ಅಂಗಡಿ ಸ್ಟೂಲಿನ ಕಾಲಡಿ ಇವೆ.

ಮಗಳ ಸಂಗೀತದ ಮೇಡಂ ಮನೆಯಲ್ಲಿ ತಂಬೂರಿ ಕೇಳುತ್ತ ಕೂತಿದ್ದಾಗ ಹೊಳೆಯಿತು. ತಂಬೂರಿಗೆ ಅವಸರವೇ ಇಲ್ಲವಲ್ಲ! ಗುಂಡಿ ಒತ್ತಿದ ಮೇಲೆ ಒಂದು ಸೆಕೆಂಡ್ ತಡವಾಗಿ ಶುರುವಾದರೆ ಕೇಳುವವರು ಯಾರು?

ಒಂದೇ ಫೈಲನ್ನು ರಿಪೀಟ್ ಹಾಕಿದರೆ ಮುಗಿಯಿತು ಅಂದುಕೊಂಡೆ. ಸುತ್ತು ಮುಗಿದು ಮತ್ತೆ ಶುರುವಾಗುವಲ್ಲಿ ಒಂದು ಗುಳಿ. ಎಂಪಿ3ಯಲ್ಲಿ 1152 ಸ್ಯಾಂಪಲ್ಲಿನ (ಸದ್ದಿನ ಚೂರುಗಳ) ಕಂತು ಕಂತಾಗಿ ಸದ್ದು ತುಂಬುತ್ತಾರೆ, ಹಿಂದೆ ಮುಂದೆ ಒಂದಿಷ್ಟು ಖಾಲಿ ಜಾಗ ಸೇರಿಕೊಳ್ಳುತ್ತದೆ. ಸರಿ, ಸದ್ದನ್ನು ಹಿಂಡದೆ ಹಾಗೇ ಇಡುವ ವೇವ್ ಫೈಲ್ ಹಾಕಿದೆ. ಗುಳಿ ಸಣ್ಣದಾಯಿತು, ಮುಚ್ಚಲಿಲ್ಲ. ಮಾಡ್ಯೂಲು ಫೈಲಿನ ಬುಡಕ್ಕೆ ವಾಪಸ್ ಹೋಗುವುದಕ್ಕೆ ತೆಗೆದುಕೊಳ್ಳುವ ಹೊತ್ತು ಇದ್ದೇ ಇರುತ್ತದೆ. ಮೇಡಂ ಕಣ್ಣು ಮುಚ್ಚಿ ಕೇಳಿ, "ಚೆನ್ನಾಗಿದೆ, ಆದ್ರೆ ನಿಮಿಷಕ್ಕೊಂದ್ಸಲ ಬಿಕ್ಕಳಿಸುತ್ತೆ" ಅಂದರು. ಮೂರು ವಾರ ಆ ಬಿಕ್ಕಳಿಕೆಯ ಹಿಂದೆ ಬಿದ್ದೆ. ಅಕ್ಕನ ಮಗ ಬೇರೆ, "ಮಾವ, ಮೊಬೈಲಲ್ಲಿ ಪುಕ್ಕಟೆ ಆ್ಯಪ್ ಐತೆ" ಅಂತ ದಿನಕ್ಕೆರಡು ಸಲ. ಐತೆ ಕಣಪ್ಪ, ಮಂಗಳಾರತಿ ಹೊತ್ತಲ್ಲಿ ಸಾಲದ ಕಂಪನಿಯವರ ಫೋನೂ ಬರ್ತೈತೆ.

ಬಿಕ್ಕಳಿಕೆ ನಿಂತಿದ್ದು ನೊಗಕ್ಕೆ ಎರಡನೇ ಎತ್ತು ಕಟ್ಟಿದ ಮೇಲೆ. ಎರಡು ಮಾಡ್ಯೂಲ್, ಎರಡು ಕಾರ್ಡ್, ಎರಡರಲ್ಲೂ ಅದೇ ತಂಬೂರಿ. ಒಂದು ಮುಗಿಯುವ ಮೊದಲೇ ಇನ್ನೊಂದು ಏಳುತ್ತದೆ. ವಾಲ್ಯೂಮ್ ಕಮಾಂಡಿನಲ್ಲಿ ಏರಿಳಿಸಲು ಹೋಗಬೇಡಿ. ಇರುವುದೇ ಸೊನ್ನೆಯಿಂದ ಮೂವತ್ತು ಮೆಟ್ಟಿಲು, ಒಂದೊಂದೂ ಕಿವಿಗೆ ಗೊತ್ತಾಗುತ್ತದೆ. ಏರುವುದು ಇಳಿಯುವುದು ಎರಡನ್ನೂ ಆಡಾಸಿಟಿ ಅನ್ನುವ ಕಂಪ್ಯೂಟರ್ ತಂತ್ರಾಂಶದಲ್ಲಿ ಫೈಲಿನೊಳಗೇ ಮಾಡಿಬಿಡಿ. ನೇರ ಗೆರೆಯ ಫೇಡ್ ಹಾಕಿದರೆ ಮಧ್ಯದಲ್ಲಿ ಯಾರೋ ಉಸಿರು ಎಳೆದುಕೊಂಡ ಹಾಗೆ ಸದ್ದು ತಗ್ಗುತ್ತದೆ, ಬಾಗಿದ ಫೇಡೇ ಬೇಕು. ಎಷ್ಟು ಬಾಗಿರಬೇಕು, ಎರಡನೆಯದನ್ನು ಎಷ್ಟನೇ ಸೆಕೆಂಡಿಗೆ ಎಬ್ಬಿಸಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಮೀಟಿನ ನಡೆಗೆ ಅದು ಕೂಡಿಬರಬೇಕು ಅಂತ ಮಾತ್ರ ಹೇಳುತ್ತೇನೆ.

ರೆಕಾರ್ಡಿಂಗಿನದು ಇನ್ನೊಂದು ಕಥೆ. ಕಬ್ಬು ಅರೆಯುವ ಕಾಲ. ರಾತ್ರಿ ಎರಡು ಗಂಟೆಗೂ ಕಬ್ಬಿನ ಟ್ರ್ಯಾಕ್ಟರುಗಳು ಡೆಕ್ ಹಾಕಿಕೊಂಡು ಹೋಗುತ್ತಿದ್ದವು. ಒಂದು ಒಳ್ಳೇ ಟೇಕಿನ ಹಿಂದೆ ಸಿನಿಮಾ ಹಾಡಿನ ಎರಡು ಸಾಲು ಈಗಲೂ ಇದೆ. ಕೊನೆಗೆ ಮೇಡಂ ತಂಬೂರಿಯನ್ನು ಮೈಸೂರಿನ ನಮ್ಮ ಭಾವಮೈದುನನ ಮನೆಗೆ ಒಯ್ದು, ಬೀರು ಕೋಣೆಯಲ್ಲಿ ಸೀರೆಗಳ ಮಧ್ಯೆ ಕೂತು ಮುಗಿಸಿದೆ. ಈ ಮಾಡ್ಯೂಲಿನಲ್ಲಿ ಶ್ರುತಿ ಬದಲಿಸುವ ದಾರಿಯೇ ಇಲ್ಲ, ಆದ್ದರಿಂದ ಹನ್ನೆರಡು ಶ್ರುತಿಗೆ ಹನ್ನೆರಡು ಫೈಲು. ಕಂಪ್ಯೂಟರಿನಲ್ಲಿ ಒಂದೆರಡು ಮನೆ (ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುವ ಶ್ರುತಿ) ಏರಿಸಿ ಇಳಿಸಿದರೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ತಂತಿಗೆ ಝೇಂಕಾರ ಕೊಡುವ ಜೀವಾಳದ ದಾರದ ಗುಣ ಸತ್ತು ತಗಡಿನ ಸದ್ದಾಗುತ್ತದೆ. ಮೂರು ಕಡೆ ನಿಜವಾದ ತಂತಿಯನ್ನೇ ಶ್ರುತಿ ಮಾಡಿ ನುಡಿಸಬೇಕಾಯಿತು.

ಕಾರ್ಡಿನ ವಿಷಯ ಈ ಮಾಡ್ಯೂಲ್ ಬಳಸಿದವರಿಗೆ ಗೊತ್ತಿರುತ್ತದೆ, ಆದರೂ ನಾನು ಒಂದು ಭಾನುವಾರ ಪೂರ್ತಿ ಕಳೆದುಕೊಂಡಿದ್ದೇನೆ. ಬರೀ ನಂಬರ್ ಕೊಟ್ಟು ನುಡಿಸುವ ಕಮಾಂಡಿನಲ್ಲಿ ಮಾಡ್ಯೂಲು ಫೈಲಿನ ಹೆಸರು ನೋಡುವುದಿಲ್ಲ, ಕಾಪಿ ಮಾಡಿದ ಸರದಿ ನೋಡುತ್ತದೆ. ಐದೂವರೆ ಮನೆ ಒತ್ತಿದರೆ ಒಂದು ಮನೆ ನುಡಿಯುತ್ತಿತ್ತು. 01, 02 ಅಂತ ಫೋಲ್ಡರ್ ಮಾಡಿ, ಒಳಗೆ 001 ಅಂತ ಹೆಸರಿಟ್ಟು, ಫೋಲ್ಡರ್ ಕಮಾಂಡಿನಲ್ಲೇ ಕರೆದ ಮೇಲೆ ದಾರಿಗೆ ಬಂತು.

ಸತ್ತ ಮಾಡ್ಯೂಲುಗಳ ಲೆಕ್ಕ: ಮೂರು. ಎರಡನ್ನು ನಾನೇ ಕೊಂದೆ, ಸ್ಪೀಕರಿನ ಮೈನಸ್ ಪಿನ್ನನ್ನು ಗ್ರೌಂಡಿಗೆ ಸೇರಿಸಿ. ಇಪ್ಪತ್ತೈದು ವರ್ಷ ಸೋಲ್ಡರ್ ಹಿಡಿದವನು ಮಾಡುವ ಕೆಲಸವಲ್ಲ. ಆ ಪಿನ್ ಗ್ರೌಂಡ್ ಅಲ್ಲ, ಎರಡೂ ಕಡೆಯಿಂದ ಸದ್ದು ಬರುತ್ತದೆ. ಈಗ ಆ ಸ್ಪೀಕರ್ ಪಿನ್ನುಗಳನ್ನು ಮುಟ್ಟುವುದೇ ಇಲ್ಲ. ಏರಿಸದ ಸದ್ದು ಹೊರಡುವ ಡ್ಯಾಕ್ ಪಿನ್ನುಗಳಿಂದ ಕೆಪಾಸಿಟರ್, ರೆಸಿಸ್ಟರ್ ಹಾಕಿ ಎರಡನ್ನೂ ಬೆರೆಸಿ ಆಂಪ್ಲಿಫೈಯರಿಗೆ ಕೊಡುತ್ತೇನೆ. ಮೂರನೆಯದು ಪೆಟ್ಟಿಗೆಯಿಂದ ತೆಗೆಯುವಾಗಲೇ ಮೂಕ. ಆನ್‌ಲೈನಿನಲ್ಲಿ ತರಿಸಿದರೆ ನೂರಕ್ಕೂ ಸಿಗುತ್ತಿತ್ತು, ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನೂರಮೂವತ್ತು ಕೊಟ್ಟೆ. ಅಲ್ಲಿ ಕಣ್ಣೆದುರು ಚಿಪ್ಪಿನ ಮೇಲಿನ ನಂಬರ್ ಓದಿ ಒಂದೇ ಜಾತಿಯವನ್ನು ಆರಿಸಿಕೊಳ್ಳಬಹುದು. ಬೇರೆ ಬೇರೆ ಚಿಪ್ಪಿನ ಜೋಡಿ ಹಾಕಿದಾಗ ಒಂದು ಕೂದಲೆಳೆಯಷ್ಟು ಮೇಲೆ ನುಡಿದು, ಎರಡೂ ಸೇರುವಲ್ಲಿ ಸದ್ದು ತೂಗಾಡಿತು. ಮೇಡಂಗೆ ಅದೇ ಹಿಡಿಸಿತು, "ಜೋಡಿ ತಂತಿ ಥರ ಇದೆ" ಅಂದರು. ನನಗೆ ಹಿಡಿಸಲಿಲ್ಲ.

ಸ್ಪೀಕರ್ ಗುಂಯ್ ಅನ್ನುವುದಕ್ಕೆ ಮದ್ದಾಗಿ, ಮಾಡ್ಯೂಲಿಗೆ ಕಮಾಂಡ್ ಹೋಗುವ ಆರ್‌ಎಕ್ಸ್ ತಂತಿಯಲ್ಲಿ ಒಂದು ಕಿಲೋ ಓಮ್ ರೆಸಿಸ್ಟರನ್ನು ಇದನ್ನು ಬಳಸುವವರು ಎಲ್ಲರೂ ಹಾಕುತ್ತಾರೆ. ನನಗೆ ಕಾಟ ಕೊಟ್ಟಿದ್ದು ಮೊಬೈಲ್ ಚಾರ್ಜರ್. ಪವರ್ ಬ್ಯಾಂಕಿಗೆ ಬದಲಾಯಿಸಿದೆ, ಗುಂಯ್ ನಿಂತಿತು. ಆದರೆ ಶನಿವಾರದ ಭಜನೆಯಲ್ಲಿ ಶ್ರುತಿಯೇ ನಿಂತಿತು! ಕರೆಂಟು ಎಳೆಯುವುದು ಕಮ್ಮಿಯಾಯಿತು ಅಂತ ಪವರ್ ಬ್ಯಾಂಕು ತಾನೇ ಮಲಗಿಬಿಟ್ಟಿತ್ತು. ಹಾರ್ಮೋನಿಯಂ ತಾತ ನನ್ನ ಕಡೆ ನೋಡಿದ ನೋಟ ಮರೆಯುವ ಹಾಗಿಲ್ಲ. 47 ಓಮ್, ಎರಡು ವ್ಯಾಟಿನ ಒಂದು ರೆಸಿಸ್ಟರ್ ಅಡ್ಡ ಹಾಕಿ ನೂರು ಮಿಲಿಆಂಪ್ ಸುಮ್ಮನೆ ಸುಡುತ್ತಿದ್ದೇನೆ. ದಂಡ, ಆದರೆ ನಿದ್ದೆ ಮಾಡಲು ಬಿಡುವುದಿಲ್ಲ.

ನಡುವೆ ಐಎಸ್‌ಡಿ 1820ರ ಜೊತೆ ಒಂದಿಷ್ಟು ಆಟ ಆಡಿದೆ, ಅದೇ ಹತ್ತು ಸೆಕೆಂಡ್ ರೆಕಾರ್ಡ್ ಮಾಡುವ ಬೋರ್ಡು. ಅದು ನುಡಿಯುವ ವೇಗ ಗೊತ್ತುಮಾಡುವ ಆಸಿಲೇಟರ್ ರೆಸಿಸ್ಟರ್ ಕಿತ್ತು, ತಿರುಗಿಸಿ ಹೆಚ್ಚು ಕಮ್ಮಿ ಮಾಡುವ ಪ್ರೀಸೆಟ್ ಹಾಕಿದರೆ ನುಡಿಯುತ್ತಿರುವಾಗಲೇ ಶ್ರುತಿ ಜಾರಿಸಬಹುದು. ಮಗಳ "ಸಾ" ಒಂದು ಕಡೆ ತಿರುಗಿಸಿದರೆ ಇಲಿಮರಿ, ಇನ್ನೊಂದು ಕಡೆ ಮಹಿಷಾಸುರ. ಉಪಯೋಗ ಏನೂ ಇಲ್ಲ; ಅಂಗಡಿಗೆ ಬರುವ ಮಕ್ಕಳು ಹೋಗುವುದೇ ಇಲ್ಲ.

ಮೊದಲ ಪೆಟ್ಟಿಗೆ ಸ್ವೀಟಿನ ತಗಡು ಡಬ್ಬ, ಮಂದ್ರ ಷಡ್ಜಕ್ಕೆ ಮುಚ್ಚಳವೇ ಹಾಡುತ್ತಿತ್ತು. ಈಗ ಹಲಸಿನ ಹಲಗೆ, ಬಡಗಿ ಕೂಲಿ ಸೇರಿ ಇನ್ನೂರೈವತ್ತು. ಒಟ್ಟು ಸಾವಿರದ ನೂರರ ಆಸುಪಾಸು ಬೀಳುತ್ತದೆ. ಕಲಿಯುವುದಕ್ಕೆ ಸುಟ್ಟ ನಾಲ್ಕು ಸಾವಿರ ಅದರಲ್ಲಿ ಸೇರಿಲ್ಲ, ಮನೆಯಲ್ಲೂ ಹೇಳಿಲ್ಲ.

"ಆಟದ ಸಾಮಾನು" ಅಂದವರಲ್ಲಿ ಒಬ್ಬರು ಮೊನ್ನೆ ಅಂಗಡಿಗೆ ಬಂದಿದ್ದರು. ಸೊಸೆ ವೀಣೆ ಕಲಿಯುತ್ತಿದ್ದಾಳಂತೆ. ಸಾವಿರದ ಆರುನೂರು ಅಂದೆ. "ಆಟದ ಸಾಮಾನಿಗೆ ಇಷ್ಟೊಂದಾ?" ಅಂತ ಸಾವಿರದ ನಾಲ್ಕುನೂರಕ್ಕೆ ಇಳಿಸಿ ಮುಂಗಡ ಇಟ್ಟು ಹೋದರು.