ಆಭಾ ಆ್ಯಪ್‌ನಲ್ಲಿ ನಿಮ್ಮ ಆಸ್ಪತ್ರೆ ದಾಖಲೆ ಕಾಣುತ್ತಿಲ್ಲವೇ?

14 ಅಂಕಿಯ ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ನಂಬರ್ ಮಾಡಿಸಿದ ಮಾತ್ರಕ್ಕೆ ಹಳೆಯ ರಿಪೋರ್ಟ್‌ಗಳು ತಾವಾಗಿ ಬರುವುದಿಲ್ಲ. ದಾಖಲೆ ಇರುವುದು ಆಸ್ಪತ್ರೆ ಅಥವಾ ಲ್ಯಾಬ್‌ನ ಕಂಪ್ಯೂಟರಿನಲ್ಲೇ. ಆ್ಯಪ್ ನಿಮ್ಮ ಒಪ್ಪಿಗೆಯ ಮೇಲೆ ಅದನ್ನು ತರಿಸಿ ತೋರಿಸುತ್ತದೆ, ಅಷ್ಟೆ.

ಆ್ಯಪ್‌ನಲ್ಲಿ ಆಸ್ಪತ್ರೆಯ ಹೆಸರು ಹುಡುಕಿ, ಸಿಕ್ಕ ದಾಖಲೆ ಆರಿಸಿ, ಒಟಿಪಿ ಹಾಕಿ ಲಿಂಕ್ ಮಾಡಿ. ಬಹಳ ಜನ ಸಿಕ್ಕಿಬೀಳುವುದು ಇಲ್ಲೇ. ದಾಖಲೆ ನಿಮ್ಮದೇ ಎಂದು ತಿಳಿಯಲು ಹೊಂದಿಸಿ ನೋಡುವುದು ಮೊಬೈಲ್ ನಂಬರ್, ಹೆಸರು, ಲಿಂಗ, ಹುಟ್ಟಿದ ವರ್ಷ. ಆಸ್ಪತ್ರೆಯಲ್ಲಿ ಮಗನ ನಂಬರ್, ಆಭಾದಲ್ಲಿ ನಿಮ್ಮ ನಂಬರ್ ಇದ್ದರೆ ದಾಖಲೆ ಸಿಗದೇ ಹೋಗಬಹುದು. ಆಧಾರ್‌ನಲ್ಲಿ ‘ಲಕ್ಷ್ಮಮ್ಮ’, ಆಸ್ಪತ್ರೆ ಚೀಟಿಯಲ್ಲಿ ‘ಲಕ್ಷ್ಮೀದೇವಿ’ ಇದ್ದರೂ ಇದೇ ಕಥೆ. ವಯಸ್ಸನ್ನು ಅಂದಾಜಿಗೆ ಬರೆಸುವ ಅಭ್ಯಾಸ ದಯವಿಟ್ಟು ಬಿಡಿ. ನೋಂದಣಿ ಕೌಂಟರಿನಲ್ಲಿ ಆಧಾರ್ ತೋರಿಸಿ ತಿದ್ದಿಸಿ, ಆಮೇಲೆ ಮತ್ತೆ ಹುಡುಕಿ.

ಮುಂದಿನ ಸಲ ಒಪಿಡಿಯಲ್ಲಿ ಕ್ಯೂಆರ್ ಕೋಡ್ ಅಂಟಿಸಿದ್ದರೆ ಆ್ಯಪ್‌ನಿಂದಲೇ ಸ್ಕ್ಯಾನ್ ಮಾಡಿ. ವಿವರ ತಪ್ಪಿಲ್ಲದೆ ಹೋಗುತ್ತದೆ, ಟೋಕನ್ನೂ ಬರುತ್ತದೆ.

ವೈದ್ಯರಿಂದ ಒಪ್ಪಿಗೆ ಕೋರಿಕೆ ಬಂದಾಗ ಯಾವ ದಾಖಲೆ, ಎಷ್ಟು ದಿನಕ್ಕೆ ಎಂಬುದನ್ನು ಓದಿಯೇ ಒಪ್ಪಿ. ಬೇಡವೆನಿಸಿದರೆ ನಂತರವೂ ಹಿಂಪಡೆಯಬಹುದು.